ಮನೆಕೆಲಸದಮ್ಮನಿಗೆ ಲಕ್ವ ಹೊಡೆದ ಮೇಲೆ: ಕಿರುಚಿತ್ರಕ್ಕೆ ಯಾವ ವಿವರ ತಪ್ಪಬಾರದು?

ಗಾಂಧಿಬಜಾರ್_ಪರದೆ:
ಆನ್ ಹುಯಿ ಅವರ 'ಎ ಸಿಂಪಲ್ ಲೈಫ್' (ಹಾಂಗ್‌ಕಾಂಗ್, 2011) ಇಲ್ಲಿ ಬಹಳ ಜನ ನೋಡಿದ್ದೀರಿ. ಒಂದೇ ಮನೆತನಕ್ಕೆ 60 ವರ್ಷ ದುಡಿದ ಕೆಲಸದಾಕೆ ತಾವೊ, ಅವಳ ಕೈತುತ್ತು ತಿಂದು ಬೆಳೆದ ರೋಜರ್. ಅವಳಿಗೆ ಲಕ್ವ ಹೊಡೆಯುತ್ತದೆ, ಕೆಲಸ ಬಿಟ್ಟು ವೃದ್ಧಾಶ್ರಮಕ್ಕೆ ಹೋಗುತ್ತೇನೆ ಎಂದು ತಾನಾಗಿಯೇ ಹೇಳುತ್ತಾಳೆ. ಅಲ್ಲಿಂದಾಚೆ ನೋಡಿಕೊಳ್ಳುವ ಸರದಿ ಅವನದು. ನಿರ್ಮಾಪಕ ರೋಜರ್ ಲೀ ಅವರ ಮನೆಯಲ್ಲೇ ನಡೆದದ್ದನ್ನು ಆಧರಿಸಿದ ಕಥೆ. ಆ ಪಾತ್ರಕ್ಕೆ ಡೀನಿ ಇಪ್ ಅವರಿಗೆ ವೆನಿಸ್‌ನಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಇದೇ ವಸ್ತು ಇಟ್ಟುಕೊಂಡು ಬೆಂಗಳೂರಿನದೇ ಆದ 25 ನಿಮಿಷದ ಕಿರುಚಿತ್ರದ ಸ್ಕ್ರಿಪ್ಟ್ ಸಿದ್ಧವಾಗುತ್ತಿದೆ. ಅದರ ಒಂದು ತುಣುಕನ್ನು ಇದರ ಜೊತೆ ಹಾಕಿದ್ದೇವೆ. ಬಸವನಗುಡಿಯ ಹಳೇ ಮನೆ, ಹಿತ್ತಿಲಲ್ಲಿ ಔಟ್‌ಹೌಸ್. ಮಾಗಡಿ ಕಡೆಯಿಂದ 1987ರಲ್ಲಿ ಬಂದು ಅಲ್ಲೇ ಉಳಿದ ಹೆಂಗಸು, ಈಗ 68 ವರ್ಷ. ಮನೆಯವರಲ್ಲಿ ಈಗ ಉಳಿದಿರುವವನು ಯಜಮಾನರ ಮಗ ಒಬ್ಬನೇ, 45 ವರ್ಷ. ಅವಳಿಗೆ ಬಲಗಡೆ ಲಕ್ವ. ಮುಖ್ಯ ದೃಶ್ಯ ಐದು: ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಿರುವುದು, ಮಂಚದಿಂದ ಎಬ್ಬಿಸಿ ಕೂರಿಸುವುದು, ಊಟ ಮಾಡಿಸುವುದು, ರಾತ್ರಿ, ಕೊನೆಗೆ ಅವಳ ದುಡ್ಡಿನ ಲೆಕ್ಕ. ಭಾವನೆ ನಾವು ನೋಡಿಕೊಳ್ಳುತ್ತೇವೆ. ಕೈಕೆಲಸದಲ್ಲಿ ಎಲ್ಲಿ ಸುಳ್ಳಾಗುತ್ತದೆ, ಅದನ್ನು ಬಲ್ಲವರು ಹೇಳಬೇಕು.

ಮೂರನೇ_ಪಾಳಿ (ನರ್ಸಿಂಗ್):
ಮೊದಲ ದೃಶ್ಯದಿಂದಲೇ ಹಿಡಿಯೋಣ. ಸ್ಕ್ರಿಪ್ಟಿನಲ್ಲಿ ಮಗ ಮುಖಕ್ಕೆ ನೀರು ಚಿಮುಕಿಸಿ, ಎರಡು ಗುಟುಕು ಕಾಫಿ ಕುಡಿಸುತ್ತಾನೆ ಅಂತಿದ್ದರೆ, ಆ ಕಾಫಿ ಅವಳ ಶ್ವಾಸಕೋಶಕ್ಕೆ ಹೋಗಿರುವ ಸಾಧ್ಯತೆ ಬಹಳ. ಲಕ್ವ ಹೊಡೆದಾಗ ಎಷ್ಟೋ ಸಲ ನುಂಗುವ ಸ್ನಾಯುಗಳೂ ಸೋತಿರುತ್ತವೆ. ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಆಗುವ ತನಕ ನೀರಿಲ್ಲ, ಮಾತ್ರೆಯಿಲ್ಲ. ಹಾರ್ಟ್ ಅಟ್ಯಾಕಿಗೆ ಕೊಡುತ್ತಾರಲ್ಲ ಅಂತ ಆಸ್ಪಿರಿನ್ ಬಾಯಿಗೆ ಹಾಕುವುದೂ ತಪ್ಪು. ಮಿದುಳಿನಲ್ಲಿ ರಕ್ತನಾಳ ಕಟ್ಟಿದೆಯೋ ಒಡೆದಿದೆಯೋ ಅನ್ನುವುದು ಸಿ.ಟಿ. ಸ್ಕ್ಯಾನ್ ಆಗದೆ ಯಾರಿಗೂ ಗೊತ್ತಾಗುವುದಿಲ್ಲ. ಒಡೆದಿದ್ದರೆ ಆಸ್ಪಿರಿನ್ ಕೇಡು ಮಾಡುತ್ತದೆ.

ಮಾಡಬೇಕಾದ್ದು ಇಷ್ಟು. ಮುಖ ಒಂದು ಕಡೆ ಜೋತಿದೆಯಾ, ಎರಡೂ ಕೈ ಎತ್ತಿದರೆ ಒಂದು ಕೆಳಗೆ ಜಾರುತ್ತಾ, ಮಾತು ತೊದಲುತ್ತಾ ನೋಡಬೇಕು. 108ಕ್ಕೆ ಫೋನು. ವಾಂತಿ ಬಂದರೆ ಉಸಿರಿಗೆ ಹೋಗದ ಹಾಗೆ ಮಗ್ಗುಲಿಗೆ ಮಲಗಿಸಬೇಕು. ಅವಳು ತಿನ್ನುವ ಬಿಪಿ, ಶುಗರ್ ಮಾತ್ರೆಗಳ ಡಬ್ಬ ಜೊತೆಗಿರಬೇಕು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಹೊತ್ತು ನಾಲ್ಕೂವರೆ ಗಂಟೆ. ಎಣಿಕೆ ಶುರುವಾಗುವುದು ಅವಳನ್ನು ನೀವು ಕಂಡ ಗಳಿಗೆಯಿಂದ ಅಲ್ಲ, ಅವಳು ಕೊನೆಯ ಸಲ ಸರಿಯಾಗಿದ್ದ ಗಳಿಗೆಯಿಂದ. ಹಾಗಾಗಿ ಡಾಕ್ಟರ ಮೊದಲ ಪ್ರಶ್ನೆಯೇ "ಕೊನೆಗೆ ಚೆನ್ನಾಗಿದ್ದಿದ್ದನ್ನ ಎಷ್ಟು ಹೊತ್ತಿಗೆ ನೋಡಿದ್ರಿ?"

ನಿಮ್ಮ ಚಿತ್ರಕ್ಕೆ ಈ ಪ್ರಶ್ನೆಯೇ ಒಂದು ದೃಶ್ಯ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಅವಳನ್ನು ಯಾರೂ ನೋಡಿರುವುದಿಲ್ಲ. ಅವನು ಅಡುಗೆಮನೆಯನ್ನೇ ಓದಬೇಕು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದಿದೆ, ಡಿಕಾಕ್ಷನ್ ಪೂರಾ ಇಳಿದು ತಣ್ಣಗಾಗಿದೆ. ಹಾಲಿನ ಪ್ಯಾಕೆಟ್ ಇನ್ನೂ ಕತ್ತರಿಸಿಲ್ಲ. ಡಿಕಾಕ್ಷನ್ ಇಳಿಯುವುದಕ್ಕೂ ಹಾಲು ಒಲೆಗಿಡುವುದಕ್ಕೂ ನಡುವೆ ಬಿದ್ದಿದ್ದಾಳೆ. ಅವಳು ದಿನಾ ಎಷ್ಟು ಗಂಟೆಗೆ ಹಾಲು ಕಾಯಿಸುತ್ತಾಳೆ ಅನ್ನುವುದು ಅವನಿಗೆ ಗೊತ್ತಿದೆಯೇ?

ಗಾಂಧಿಬಜಾರ್_ಪರದೆ:
ಮೇಡಂ, ಇದನ್ನು ಹಾಗೇ ತೆಗೆದುಕೊಳ್ಳುತ್ತೇವೆ. ಕಾಫಿ ಕುಡಿಸುವ ಸಾಲು ಇತ್ತು, ಹೊಡೆದು ಹಾಕಿದ್ದೇವೆ.

ನಡಿಗೆ_ಫಿಸಿಯೊ:
ಬಲಗಡೆ ಲಕ್ವ ಅಂದಿರಿ. ಬಲಗೈ, ಬಲಗಾಲನ್ನು ನಡೆಸುವುದು ಎಡ ಮಿದುಳು, ಹೆಚ್ಚಿನವರಲ್ಲಿ ಮಾತೂ ಅಲ್ಲೇ. ಹಾಗಾಗಿ ಬಲಗಡೆ ಬಿದ್ದವರಲ್ಲಿ ಮಾತು ಹೋಗಿರುವುದು ತುಂಬ ಸಾಮಾನ್ಯ. ಬರೀ ತೊದಲುವುದಲ್ಲ, ಪದವೇ ಸಿಗುವುದಿಲ್ಲ. ಲೋಟ ಕಣ್ಣೆದುರಿಗಿದೆ, ಏನೆಂದು ಗೊತ್ತಿದೆ, ಹೆಸರು ಬಾಯಿಗೆ ಬರುವುದಿಲ್ಲ. ಎರಡನೇ ಭಾಗದಲ್ಲಿ ಅವಳಿಗೆ ಉದ್ದ ಸಂಭಾಷಣೆ ಇದ್ದರೆ ಎಡಗಡೆಗೆ ಬದಲಾಯಿಸಿ.

ಎಡಗಡೆಗೆ ಬಂದರೆ ಬೇರೆ ಒಂದು ಸೇರಿಕೊಳ್ಳಬಹುದು. ಕೆಲವರಿಗೆ ಎಡಭಾಗದ ಲೋಕವೇ ಗಮನಕ್ಕೆ ಬರುವುದಿಲ್ಲ. ತಟ್ಟೆಯ ಬಲ ಅರ್ಧ ಉಂಡು ಎಡ ಅರ್ಧ ಹಾಗೇ ಬಿಡುತ್ತಾರೆ. "ಸೇರಲಿಲ್ಲ" ಅಂದುಕೊಂಡು ಮನೆಯವರು ತಟ್ಟೆ ಎತ್ತುತ್ತಾರೆ. ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರೆ ಉಳಿದದ್ದನ್ನೂ ಉಣ್ಣುತ್ತಾರೆ.

ಇನ್ನು ಎಬ್ಬಿಸುವ ದೃಶ್ಯ. ಸಿನಿಮಾಗಳಲ್ಲಿ ಸದಾ ಕಾಣುವ ತಪ್ಪು: ಕಂಕುಳಿಗೆ ಕೈ ಹಾಕಿ ಎತ್ತುವುದು. ಸೋತ ಭುಜದ ಸ್ನಾಯು ಸಡಿಲಾಗಿರುತ್ತದೆ. ಹಾಗೆ ಎಳೆದರೆ ಭುಜದ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಸೋತ ಕೈ ಹಿಡಿದು ಎಳೆಯುವುದಂತೂ ಕೂಡದು.

ಸರಿಯಾದ ಕ್ರಮ ಹೀಗೆ. ವೀಲ್‌ಚೇರು ಅವಳ ಗಟ್ಟಿ ಕಡೆಗೆ, ಮಂಚಕ್ಕೆ ತುಸು ಓರೆಯಾಗಿ. ಎರಡೂ ಬ್ರೇಕ್ ಹಾಕಬೇಕು, ಕಾಲಿಡುವ ತಗಡು ಮಡಚಬೇಕು. ಇವೆರಡು ಮರೆತೇ ಹೆಚ್ಚಿನವರು ಬೀಳುವುದು. ಗಟ್ಟಿ ಮಗ್ಗುಲಿಗೆ ಹೊರಳಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಕೂರಿಸಿ. ಕೂತ ತಕ್ಷಣ ಎಬ್ಬಿಸಬಾರದು. ಬಹಳ ದಿನ ಮಲಗಿದ್ದವರಿಗೆ ಕೂತಾಗ ಬಿಪಿ ಇಳಿದು ಕಣ್ಣು ಕತ್ತಲಿಟ್ಟುಕೊಳ್ಳುತ್ತದೆ, ಒಂದೆರಡು ನಿಮಿಷ ಬೇಕು. ಪಾದ ನೆಲಕ್ಕೆ ಪೂರ್ತಿ ಊರಿರಬೇಕು, ಮಂಚ ಎತ್ತರವಾಗಿದ್ದರೆ ಊರುವುದಿಲ್ಲ. ಸೊಂಟಕ್ಕೆ ಅಗಲವಾದ ಬೆಲ್ಟು ಕಟ್ಟಿ, ಎತ್ತುವವರು ಅದನ್ನೇ ಹಿಡಿಯಬೇಕು. ಅವರ ಮೊಣಕಾಲು ಅವಳ ಸೋತ ಮೊಣಕಾಲಿಗೆ ಆನಿಕೆ. ಅವಳು ಮುಂದಕ್ಕೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಎಲ್ಲರೂ ಹಿಂದಕ್ಕೆ ವಾಲುತ್ತಾರೆ, ಭಯ. ಒಂದು, ಎರಡು, ಮೂರು ಎಂದು ಇಬ್ಬರೂ ಸೇರಿ ಎಣಿಸಿ, ಮೂರಕ್ಕೆ ಏಳುವುದು. ಎದ್ದು ಗಟ್ಟಿ ಕಾಲಿನ ಮೇಲೆ ತಿರುಗಿ, ಕುರ್ಚಿಯ ಅಂಚು ಕಾಲಿಗೆ ತಾಗಿದ ಮೇಲೆ ಕೂರುವುದು.

ಪರದೆಹಿಂದೆ:
ಇಷ್ಟನ್ನೂ ತೋರಿಸಿದರೆ ತರಬೇತಿ ವಿಡಿಯೋ ಆಗಿಬಿಡುತ್ತದೆ ಅನ್ನುವ ಅಳುಕು ನಿಮಗೆ ಬಂದಿರಬಹುದು. ಆಗುವುದಿಲ್ಲ, ಕತ್ತರಿಸದಿದ್ದರೆ. ಹಂತಕ್ಕೊಂದು ಕ್ಲೋಸಪ್ ಹಾಕಿದರೆ ಅದು ವಿಡಿಯೋ ಪಾಠ. ಕ್ಯಾಮೆರಾ ಬಾಗಿಲಲ್ಲಿಟ್ಟು, ಮಂಚದ ಎತ್ತರಕ್ಕೆ, ಒಂದೇ ಶಾಟಿನಲ್ಲಿ ಎರಡು ನಿಮಿಷ ಬಿಡಿ. ಮೊದಲ ಸಲ ಬ್ರೇಕ್ ಮರೆತು ಕುರ್ಚಿ ಹಿಂದಕ್ಕೆ ಜಾರಲಿ, ಮತ್ತೆ ಕೂರಿಸಲಿ. ಚಿತ್ರದ ಕೊನೆಯ ಹೊತ್ತಿಗೆ ಅದೇ ಕೆಲಸ ನಲವತ್ತು ಸೆಕೆಂಡಿನಲ್ಲಿ ಮುಗಿಯಲಿ. ಅವನು ಕಲಿತ ಅನ್ನುವುದಕ್ಕೆ ಬೇರೆ ಮಾತೇ ಬೇಡ.

'ಎ ಸಿಂಪಲ್ ಲೈಫ್'ನ ಆರಂಭದ ಊಟ ನೆನಪು ಮಾಡಿಕೊಳ್ಳಿ. ಅವನು ಕೂತು ತಿನ್ನುತ್ತಾನೆ, ಅವಳು ಒಂದೊಂದಾಗಿ ತಂದಿಡುತ್ತಾಳೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಅನ್ನುವುದರಲ್ಲೇ ಇಡೀ ಸಂಬಂಧ ಇದೆ.

ಒಗ್ಗರಣೆ (ನುಂಗುವ ತೊಂದರೆ, ಆಹಾರ):
ಆ ಕೂರುವುದು ನಿಲ್ಲುವುದು ನಿಮ್ಮ ಊಟದ ದೃಶ್ಯಕ್ಕೆ ನೇರವಾಗಿ ಬರುತ್ತದೆ. ಊಟ ಮಾಡಿಸುವವರು ನಿಂತಿದ್ದರೆ ಉಣ್ಣುವವರು ತಲೆ ಮೇಲೆತ್ತಬೇಕಾಗುತ್ತದೆ. ಗದ್ದ ಮೇಲೆ ಹೋದರೆ ಉಸಿರಿನ ದಾರಿ ತೆರೆದುಕೊಂಡು ತುತ್ತು ಅಲ್ಲಿಗೆ ಜಾರುತ್ತದೆ. ಆದ್ದರಿಂದ ಅವನು ಅವಳ ಕಣ್ಣಿನ ಮಟ್ಟಕ್ಕೆ, ಸಾಧ್ಯವಾದರೆ ಸ್ವಲ್ಪ ಕೆಳಗೆ, ಮಣೆ ಅಥವಾ ಸ್ಟೂಲು ಹಾಕಿಕೊಂಡು ಕೂರಲೇಬೇಕು. 38 ವರ್ಷ ಅವಳು ನಿಂತು ಬಡಿಸಿದ ಮನೆಯಲ್ಲಿ ಅವನು ಕೂತು ಉಣಿಸುತ್ತಾನೆ. ನೀವು ಸೇರಿಸಬೇಕಾದ್ದೇನೂ ಇಲ್ಲ, ಗಂಟಲೇ ಅದನ್ನು ಕೇಳುತ್ತದೆ.

ಬೆನ್ನು ನೆಟ್ಟಗೆ, ಗದ್ದ ತುಸು ಎದೆಯ ಕಡೆಗೆ. ಟೀ ಚಮಚದಲ್ಲಿ ಅರ್ಧ. ಬಾಯಿಯ ಗಟ್ಟಿ ಕಡೆಗೆ ಇಡಬೇಕು. ನುಂಗಿದ್ದು ಗಂಟಲಿನ ಮುಂದಿನ ಗಂಟು ಏರಿ ಇಳಿದದ್ದರಿಂದ ಗೊತ್ತಾಗುತ್ತದೆ, ಅದಾದ ಮೇಲೆಯೇ ಮುಂದಿನ ಚಮಚ. ನಡುನಡುವೆ ಸೋತ ಕಡೆಯ ಕೆನ್ನೆಯೊಳಗೆ ಅನ್ನ ಸಿಕ್ಕಿಕೊಂಡಿದೆಯಾ ನೋಡಬೇಕು. ಅವಳಿಗೆ ಅಲ್ಲಿ ಸ್ಪರ್ಶ ಇರುವುದಿಲ್ಲ. ಊಟ ಮುಗಿದು ಅರ್ಧ ಗಂಟೆ ಮಲಗಿಸುವಂತಿಲ್ಲ. ಕೆಮ್ಮು ಬಂದರೆ, ದನಿ ನೀರು ತುಂಬಿದ ಹಾಗೆ ಗುಳುಗುಳು ಆದರೆ ನಿಲ್ಲಿಸಿ. ಕೆಲವರಿಗೆ ತಪ್ಪು ದಾರಿಗೆ ಹೋದರೂ ಕೆಮ್ಮೇ ಬರುವುದಿಲ್ಲ. ಎರಡು ಮೂರು ದಿನದ ಮೇಲೆ ಜ್ವರ, ಏದುಸಿರು ಬಂದಾಗಲೇ ನ್ಯುಮೋನಿಯಾ ಅಂತ ತಿಳಿಯುವುದು.

ಈಗ ಏನು ಉಣಿಸಬೇಕು ಅನ್ನುವುದು. ಅವಳು ಮಾಗಡಿಯವಳು, ಮುದ್ದೆ ಕೇಳುತ್ತಾಳೆ. ಮುದ್ದೆ ಅಗಿಯುವ ಪದಾರ್ಥ ಅಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ನುಂಗುವ ಶಕ್ತಿ ಸೋತವರಿಗೆ ಅದಕ್ಕಿಂತ ಅಪಾಯದ್ದು ಕಡಿಮೆ, ಅಂಟಿಕೊಂಡು ಗಂಟಲು ಕಟ್ಟುತ್ತದೆ. ಸಾರನ್ನ ಮೆತ್ತಗಿದೆ, ಕೊಡಬಹುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದೂ ಕಷ್ಟದ್ದೇ. ತೆಳ್ಳಗಿನ ಸಾರು ಮೊದಲು ಗಂಟಲಿಗೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ, ಎರಡನ್ನೂ ಒಟ್ಟಿಗೆ ನಿಭಾಯಿಸಲು ಆಗುವುದಿಲ್ಲ. ಅವಲಕ್ಕಿ, ಮಂಡಕ್ಕಿ, ಕೋಸಂಬರಿ ಬೇಡ. ಒಣ ಇಡ್ಲಿ ಪುಡಿಪುಡಿಯಾಗುತ್ತದೆ. ಸಾಂಬಾರಿನಲ್ಲಿ ಚೆನ್ನಾಗಿ ನೆನೆಸಿ, ಹಿಸುಕಿ, ಒಂದೇ ಹದಕ್ಕೆ ತಂದರೆ ಆಗಬಹುದು. ಯಾವ ಹದ ಅನ್ನುವುದನ್ನು ಸ್ಪೀಚ್ ಥೆರಪಿಸ್ಟ್ ನೋಡಿ ಹೇಳಬೇಕು.

ರಾಗಿಯನ್ನು ಪೂರ್ತಿ ಬಿಡಬೇಕಾಗಿಲ್ಲ. 250 ಮಿಲಿ ನೀರಿಗೆ ಮೂರು ದೊಡ್ಡ ಚಮಚ ಹಿಟ್ಟು, ಮೊದಲು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಕುದಿಸಿ ಗಂಜಿ. ಚಮಚ ಓರೆ ಮಾಡಿದರೆ ಧಾರೆಯಾಗಿ ಸುರಿಯದೆ ತೊಪ್ಪೆಂದು ಬೀಳಬೇಕು. ಆರುತ್ತಾ ಹೋದರೆ ಗಟ್ಟಿಯಾಗುತ್ತದೆ, ಹದ ನೋಡುವುದು ಉಣಿಸುವ ಬಿಸಿಯಲ್ಲೇ. ಇನ್ನೊಂದು ಸೂಕ್ಷ್ಮ: ಬಾಯಿಗೆ ಹೋಗಿ ಬಂದ ಚಮಚವನ್ನು ಅದೇ ಬಟ್ಟಲಿಗೆ ಅದ್ದುತ್ತಾ ಹೋದರೆ ಎಂಜಲಿನಿಂದ ಗಂಜಿ ನೀರಾಗುತ್ತದೆ. ಕೊನೆಯ ಚಮಚಗಳಲ್ಲಿ ಕೆಮ್ಮು ಬರುವುದಕ್ಕೆ ಇದೂ ಒಂದು ಕಾರಣ. ಎರಡು ಬಟ್ಟಲಿಗೆ ಹಂಚಿಟ್ಟುಕೊಳ್ಳಬೇಕು.

ಮುದ್ದೆ ಕೇಳಿದವಳಿಗೆ ಗಂಜಿ ಕೊಟ್ಟಾಗ ಅವಳ ಮುಖ ಏನು ಹೇಳುತ್ತದೆ ಅನ್ನುವುದು ನಿಮ್ಮ ನಟಿಗೆ ಬಿಟ್ಟದ್ದು.

ಬಚ್ಚಲ_ಹೊಸ್ತಿಲು:
ಯಾರೂ ಇನ್ನೂ ಎತ್ತದ ಒಂದು ವಿಷಯ. ಅವಳನ್ನು ಆಸ್ಪತ್ರೆಯಿಂದ ಎಲ್ಲಿಗೆ ಕರೆತರುತ್ತೀರಿ? ಔಟ್‌ಹೌಸಿಗೋ, ಮನೆಯೊಳಗಿನ ಕೋಣೆಗೋ? ಇಂಥ ಹಳೇ ಮನೆಗಳಲ್ಲಿ ಕೆಲಸದವರ ಕಕ್ಕಸು ಹಿತ್ತಿಲಲ್ಲಿ ಬೇರೆ, ಅವರ ಲೋಟ ತಟ್ಟೆ ಕಿಟಕಿಯ ಮೇಲೆ ಬೇರೆ. ಮಡಿ ಮೈಲಿಗೆಯ ಲೆಕ್ಕ ಅದು, ಜಾತಿಯದು. ಲಕ್ವ ಹೊಡೆದವರು ಹಿತ್ತಿಲ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂರಲಾರರು. ಒಳಗಿನ ಕಮೋಡ್ ಬಿಟ್ಟುಕೊಡಲೇಬೇಕು. 38 ವರ್ಷ ತಾನೇ ಉಜ್ಜಿ ತೊಳೆದ, ಒಂದು ಸಲವೂ ಬಳಸದ ಕಮೋಡಿನ ಮೇಲೆ ಅವಳು ಮೊದಲ ಸಲ ಕೂರುತ್ತಾಳೆ. ಇದನ್ನು ತೋರಿಸದೆ ಬಸವನಗುಡಿಯ ಈ ಕಥೆಯನ್ನು ಪ್ರಾಮಾಣಿಕವಾಗಿ ಹೇಳಲಾಗುವುದಿಲ್ಲ.

ಅಳತೆಗಳು: ಹಿಡಿಕೆಯ ಕಂಬಿ ನೆಲದಿಂದ 33ರಿಂದ 36 ಇಂಚು, ಗಟ್ಟಿ ಕೈಯ ಕಡೆ, ಗೋಡೆಗೆ ಬೋಲ್ಟು ಹಾಕಿ. ಟವೆಲ್ ಹಾಕುವ ಕಂಬಿ ಹಿಡಿದರೆ ಕಿತ್ತು ಬರುತ್ತದೆ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಕ್ಕೆ ತೆರೆದರೆ ಬಿದ್ದವರ ಮೈಯೇ ಅಡ್ಡವಾಗಿ ಬಾಗಿಲು ತಳ್ಳಲಾಗುವುದಿಲ್ಲ. ವೀಲ್‌ಚೇರಿನ ಒಟ್ಟು ಅಗಲ ಸುಮಾರು 25, 26 ಇಂಚು, ಕಿರಿದಾದ ಬಚ್ಚಲ ಬಾಗಿಲಲ್ಲಿ ಹೋಗುವುದಿಲ್ಲ. ಗೀಸರ್ ನೀರನ್ನು ಅವಳ ಸೋತ ಕೈಗೆ ಹಾಕಿ "ಬಿಸಿ ಸರೀನಾ" ಅಂತ ಕೇಳಬಾರದು, ಸುಟ್ಟರೂ ತಿಳಿಯುವುದಿಲ್ಲ. ಕೆಂಪು ರೆಡ್ ಆಕ್ಸೈಡ್ ನೆಲ ಒದ್ದೆಯಾದರೆ ಜಾರುತ್ತದೆ, ಮಂಚದಿಂದ ಬಚ್ಚಲ ತನಕ ಒರೆಸಿ ಒಣಗಿಸಿರಬೇಕು.

ಏಕವಚನ:
ಭಾಷೆಯ ಬಗ್ಗೆ. ಸ್ಕ್ರಿಪ್ಟಿನ ತುಣುಕಿನಲ್ಲಿ ಅವಳು ಅವನನ್ನು "ಸರ್" ಅನ್ನುತ್ತಾಳೆ. ಸರ್, ಮೇಡಂ ಅಪಾರ್ಟ್‌ಮೆಂಟಿನ ಮಾತು. 1987ರಲ್ಲಿ ಮಾಗಡಿಯಿಂದ ಬಸವನಗುಡಿಯ ಬ್ರಾಹ್ಮಣರ ಮನೆಗೆ ಬಂದವಳು "ಅಮ್ಮಾವ್ರು", "ಅಯ್ನೋರು" ಅನ್ನುತ್ತಾಳೆ. ಅವಳು ಬಂದಾಗ ಈ ಹುಡುಗನಿಗೆ ಏಳು ವರ್ಷ. ತಲೆ ಬಾಚಿ ಸ್ಕೂಲಿಗೆ ಬಿಟ್ಟವಳಿಗೆ ಅವನು "ಪುಟ್ಟಣ್ಣ", ನೆಂಟರ ಎದುರಿಗೆ "ಚಿಕ್ಕಯ್ನೋರು". ಎರಡೂ ಒಂದೇ ಬಾಯಲ್ಲಿ, ಬಾಗಿಲ ಆಚೆ ಈಚೆ ಬದಲಾಗುತ್ತಾ ಬರಬೇಕು.

ಅವನು ಅವಳಿಗೆ "ನೀನು" ಅನ್ನುತ್ತಾನೆ. ಕನ್ನಡದ ಈ ನೀನು ಎರಡು ಕಡೆ ಹರಿಯುತ್ತದೆ. ತಾಯಿಗೂ ನೀನು, ಕೆಲಸದವಳಿಗೂ ನೀನು. ತನಗಿಂತ 23 ವರ್ಷ ದೊಡ್ಡವಳನ್ನು ಅವನು ಹಾಗೆ ಕರೆಯುವುದು ಸಲಿಗೆಯೋ ಮೇಲುಕೀಳೋ ಎಂದು ಅವನಿಗೂ ಗೊತ್ತಿರಲಾರದು. ಆಸ್ಪತ್ರೆಯಲ್ಲಿ ಬೇರೆಯವರ ಮುಂದೆ "ಅವರಿಗೆ ಶುಗರ್ ಇದೆ" ಅನ್ನುತ್ತಾನೋ "ಅವಳಿಗೆ" ಅನ್ನುತ್ತಾನೋ, ಅದನ್ನು ಈಗಲೇ ತೀರ್ಮಾನ ಮಾಡಿ. ಕ್ಯಾಂಟನೀಸ್‌ನಲ್ಲಿ 'ಎ ಸಿಂಪಲ್ ಲೈಫ್'ನ ತಾವೊ ಹೆಸರಿನ ಜೊತೆ ಅಕ್ಕ ಅನ್ನುವ ಪದವೇ ಅಂಟಿಕೊಂಡಿದೆ. ನಮ್ಮಲ್ಲಿ ಕೆಲಸದವರ ಹೆಸರಿನ ಕೊನೆಗಿರುವ "ಅಮ್ಮ" ಎಷ್ಟು ಸವೆದಿದೆ ಅಂದರೆ ಕಿವಿಗೇ ಬೀಳುವುದಿಲ್ಲ.

ಮೂರನೇ_ಪಾಳಿ:
ರಾತ್ರಿಯ ದೃಶ್ಯಕ್ಕೆ. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು: ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಪೂರ್ತಿ ಮಗ್ಗುಲಿಗೆ ಅಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ. ಪೂರ್ತಿ ಮಗ್ಗುಲಾದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಬೆನ್ನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕ, ಮಲಗಿಯೇ ಇರುವುದರಿಂದ ಆಗುವ ಗಾಯ ಶುರುವಾಗುವುದು ಇಲ್ಲೇ. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಗಾಯ ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದು. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಆ ಜಾಗ ತಿಕ್ಕಬಾರದು. ಉಂಗುರದಂಥ ಗಾಳಿ ದಿಂಬು ಬೇಡ, ಸುತ್ತ ಒತ್ತಿ ನಡುವಿನ ಚರ್ಮಕ್ಕೆ ರಕ್ತ ಹೋಗದಂತೆ ಮಾಡುತ್ತದೆ.

ಏರ್‌ಬೆಡ್ ಹಾಕಿದರೂ ಹೊರಳಿಸುವುದು ತಪ್ಪುವುದಿಲ್ಲ. ಏರ್‌ಬೆಡ್ಡಿನ ಮೇಲೆ ರಬ್ಬರ್ ಶೀಟು, ಅದರ ಮೇಲೆ ಮಡಚಿದ ಹಳೇ ಸೀರೆ, ಮೇಲೆ ಕಂಬಳಿ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ. ತೆಳ್ಳಗಿನ ಒಂದೇ ಬೆಡ್‌ಶೀಟು. ಗಾಳಿ ಸಾಕಾ ಅಂತ ನೋಡಲು ಅವಳ ಸೊಂಟದ ನೇರಕ್ಕೆ ಏರ್‌ಬೆಡ್ಡಿನ ಕೆಳಗೆ ಅಂಗೈ ಮೇಲೆ ಮಾಡಿ ತೂರಿಸಬೇಕು, ಮೂಳೆ ಕೈಗೆ ತಾಗಿದರೆ ಗಾಳಿ ಕಡಿಮೆ.

ಇನ್ನೊಂದು. ಸ್ಕ್ರಿಪ್ಟಿನಲ್ಲಿ ಏಜೆನ್ಸಿಯಿಂದ ಬಂದ ಒಬ್ಬ ಅಟೆಂಡರ್ ಹುಡುಗಿ ಇಪ್ಪತ್ನಾಲ್ಕು ಗಂಟೆಯೂ ಇರುತ್ತಾಳೆ. ಹಗಲೆಲ್ಲ ಎತ್ತಿ ಇಳಿಸಿದವಳು ರಾತ್ರಿ ಎರಡಕ್ಕೂ ನಾಲ್ಕಕ್ಕೂ ಎದ್ದು ಹೊರಳಿಸಲಾರಳು. ಎಂಟರಿಂದ ಎಂಟು ಎರಡು ಪಾಳಿ ಬೇಕು, ಇಲ್ಲ ರಾತ್ರಿಯ ಎರಡು ಸಲ ಮಗ ಏಳಬೇಕು. ಆ ಹುಡುಗಿಯೂ ಯಾವುದೋ ಊರಿಂದ ಬಂದು ಇನ್ನೊಬ್ಬರ ಮನೆಯಲ್ಲಿ ದುಡಿಯುವವಳು. ಅವಳು ಎಲ್ಲಿ ಮಲಗುತ್ತಾಳೆ, ಯಾವ ಲೋಟದಲ್ಲಿ ಕಾಫಿ ಕುಡಿಯುತ್ತಾಳೆ ಅನ್ನುವುದನ್ನು ದಯವಿಟ್ಟು ಬರೆಯಿರಿ.

ಪರದೆಹಿಂದೆ:
ಧ್ವನಿಯವರಿಗೆ: ಏರ್‌ಬೆಡ್ಡಿನ ಮೋಟಾರು ಮಂಚದ ಕಾಲ್ಕಡೆ ನೇತುಹಾಕಿರುತ್ತದೆ, ಸದಾ ಗುಂಯ್ ಅನ್ನುತ್ತಿರುತ್ತದೆ. ಆ ಶಬ್ದ ಆಸ್ಪತ್ರೆಯಿಂದ ಬಂದ ದಿನದಿಂದ ಪ್ರತಿ ದೃಶ್ಯದ ಅಡಿಯಲ್ಲೂ ಇರಬೇಕು. ಕರೆಂಟು ಹೋದಾಗ ನಿಲ್ಲುತ್ತದೆ, ಹಾಸಿಗೆ ಮೆಲ್ಲಗೆ ಇಳಿಯತೊಡಗುತ್ತದೆ, ಆಗ ಮನೆಯವರು ಎದ್ದು ಯುಪಿಎಸ್ ಹುಡುಕುತ್ತಾರೆ. ಹಿನ್ನೆಲೆ ಸಂಗೀತ ಬೇಡವೇ ಬೇಡ ಅನ್ನುತ್ತೇನೆ.

ಲೆಕ್ಕದ_ಪುಸ್ತಕ:
ಐದನೇ ದೃಶ್ಯ, ದುಡ್ಡು. ನಿಮ್ಮ ಪಾತ್ರ 1957ರಲ್ಲಿ ಹುಟ್ಟಿದವಳು ಅಂತ ಇಟ್ಟುಕೊಂಡು ಸರ್ಕಾರದ ಬಾಗಿಲುಗಳನ್ನು ವರ್ಷದ ಪ್ರಕಾರ ಜೋಡಿಸಿ ನೋಡಿ. ಮನೆಕೆಲಸದವರಿಗೆ ಕನಿಷ್ಠ ವೇತನ ಕರ್ನಾಟಕದಲ್ಲಿ ನಿಗದಿಯಾದದ್ದು 2004ರಲ್ಲಿ, ಆಗ ಅವಳಿಗೆ 47. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆ 2008ರದು. ಅಟಲ್ ಪಿಂಚಣಿ 2015ರಲ್ಲಿ ಬಂತು, ಸೇರಲು 40ರೊಳಗಿರಬೇಕು, ಅವಳಿಗೆ 58. ಶ್ರಮಯೋಗಿ ಮಾನ್‌ಧನ್ ಪಿಂಚಣಿ 2019ರದು, ಅದಕ್ಕೂ 40ರ ಮಿತಿ, ಅವಳಿಗೆ 62. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರ ಆಗಸ್ಟ್‌ನಲ್ಲಿ ಶುರುವಾಯಿತು, 59 ದಾಟಿದವರಿಗಿರಲಿಲ್ಲ, ಅವಳಿಗೆ 64. ವಯಸ್ಸಿನ ಮಿತಿಯಿದ್ದ ಈ ಪ್ರತಿ ಬಾಗಿಲೂ ಅವಳು ದಾಟಿ ಹೋದ ಮೇಲೆ ತೆರೆದಿದೆ.

ಉಳಿಯುವುದರಲ್ಲಿ ಒಂದು ರಾಜ್ಯದ ವೃದ್ಧಾಪ್ಯ ಪಿಂಚಣಿ, ಸಂಧ್ಯಾ ಸುರಕ್ಷಾ: 65 ತುಂಬಿರಬೇಕು, ತಿಂಗಳಿಗೆ 1,200 ರೂಪಾಯಿ, ಆದಾಯದ ಮಿತಿ ಇದೆ. ಅರ್ಜಿ ನಾಡಕಚೇರಿಯಲ್ಲಿ. ಎಡವುವುದು ಆಧಾರ್ ಕಾರ್ಡಿನಲ್ಲಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಅಂತ ಅಂದಾಜಿನ ವರ್ಷ ಹಾಕಿರುತ್ತಾರೆ. ಆರು ವರ್ಷ ಕಡಿಮೆ ಬರೆದಿದ್ದರೆ 68ರ ಹೆಂಗಸು ಕಾಗದದ ಮೇಲೆ 62, ಈ ಪಿಂಚಣಿ ಇಲ್ಲ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ. ಕಾರ್ಡು ಊರಿನಲ್ಲಿ ತಮ್ಮನ ಮನೆಯ ಹೆಸರಿಗಿದ್ದು, ಅವಳ ಹೆಸರು ಅದರಲ್ಲಿ ಇಲ್ಲದೇ ಹೋಗಿರುವುದು ಉಂಟು. ಬಿದ್ದ ದಿನ ನೋಡುವ ಕಾಗದವಲ್ಲ ಇದು.

ಮಗನ ಲೆಕ್ಕಕ್ಕೆ ಬರೋಣ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಒಟ್ಟಿಗೆ ಕೊಡುವ ಹಣ, ಅದರ ಕಾನೂನು ಮನೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಅದರ ಸೂತ್ರವನ್ನು ಬಳಸಬೇಡಿ ಅಂತ ಯಾರೂ ಅಂದಿಲ್ಲ: ಕೊನೆಯ ಸಂಬಳ, ಗುಣಿಸು 15, ಭಾಗಿಸು 26, ಗುಣಿಸು ಸೇವೆಯ ವರ್ಷ. ಸಂಬಳ 9,000, ಸೇವೆ 38 ವರ್ಷ ಅಂದರೆ ಸುಮಾರು 1,97,300 ರೂಪಾಯಿ. ಅವನು ಡೈರಿಯ ಹಾಳೆಯಲ್ಲಿ ಇದನ್ನು ಗುಣಿಸುತ್ತಿರುವುದನ್ನು ತೋರಿಸಿ. ಇಷ್ಟು ಅವಳಿಗೆ ನ್ಯಾಯವಾಗಿ ಬರಬೇಕಾದ್ದು. ಆಸ್ಪತ್ರೆ ಖರ್ಚನ್ನು ಇದರಲ್ಲಿ ಮುರಿದುಕೊಂಡರೆ ಕೊಟ್ಟ ಹಾಗಾಗಲಿಲ್ಲ.

ಅವಳ ಬ್ಯಾಂಕ್ ಖಾತೆ. ಕಷ್ಟಪಟ್ಟು ಕಲಿತ ರುಜು ಬಲಗೈಯದು, ಈಗ ಆ ಕೈ ಇಲ್ಲ. ರುಜು ತಾಳೆಯಾಗುವುದಿಲ್ಲ. ಇದಕ್ಕೆ ರಿಸರ್ವ್ ಬ್ಯಾಂಕಿನ ಕ್ರಮವಿದೆ: ಹೆಬ್ಬೆಟ್ಟಿನ ಗುರುತು, ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿ. ಹಾಗಾಗಿ, ಫಿಸಿಯೊ ಸರ್, ಬಲಗಡೆಯೇ ಇರಲಿ ಅನ್ನಿಸುತ್ತದೆ.

ನಡಿಗೆ_ಫಿಸಿಯೊ:
ಒಪ್ಪಿದೆ. ಬಲಗಡೆ ಇರಲಿ, ಮಾತು ಹೋಗಲಿ. ಆದರೆ ಪೂರ್ತಿ ಮೌನ ಮಾಡಬೇಡಿ. ಮಾತು ಹೋದವರಲ್ಲೂ ಬಾಯಿಪಾಠವಾದದ್ದು ಎಷ್ಟೋ ಸಲ ಉಳಿಯುತ್ತದೆ: ಎಣಿಕೆ, ವಾರದ ಹೆಸರು, ದೇವರ ನಾಮ, ಬೈಗುಳ. "ಲೋಟ" ಅನ್ನಲಾಗದವಳು ಒಂದರಿಂದ ಹತ್ತು ತಡೆಯಿಲ್ಲದೆ ಹೇಳಬಲ್ಲಳು. ಮೇಲೆ ಬರೆದ "ಒಂದು, ಎರಡು, ಮೂರು" ಅವಳ ಬಾಯಿಂದ ಬರಲಿ, ಅವನು ಮೂರಕ್ಕೆ ಎತ್ತಲಿ. ಕೆಲವರಿಗೆ ಒಂದೇ ಪದ ಉಳಿದು ಎಲ್ಲದಕ್ಕೂ ಅದೇ ಬರುತ್ತದೆ, ನೀರು ಬೇಕಾದರೂ ನೋವಾದರೂ. ರಾಗ ಮಾತ್ರ ಬೇರೆ ಬೇರೆ. "ಪುಟ್ಟಣ್ಣ" ಅನ್ನುವುದೇ ಆ ಪದ ಆದರೆ, ಏನು ಬೇಕೆಂದು ರಾಗದಿಂದ ತಿಳಿಯುವುದನ್ನು ಅವನು ಕಲಿಯಬೇಕಾಗುತ್ತದೆ.

ಅರ್ಥವಾಗದೆ ಹೋಗಿದೆ ಎಂದುಕೊಂಡು ಅವಳ ಎದುರಿಗೇ ವೃದ್ಧಾಶ್ರಮದ ಮಾತು ಆಡುವ ನೆಂಟರನ್ನು ಇಟ್ಟಿದ್ದೀರಿ. ಸರಿಯಾಗಿದೆ. ಮಾತು ಬಾರದವರಿಗೆ ಕೇಳಿದ್ದು ಬಹುಮಟ್ಟಿಗೆ ಅರ್ಥವಾಗುತ್ತಿರಬಹುದು.

ಗಾಂಧಿಬಜಾರ್_ಪರದೆ:
ಎಲ್ಲರಿಗೂ ನಮಸ್ಕಾರ. ಬಲಗಡೆಯೇ ಉಳಿಸಿಕೊಂಡೆವು. ಕೊನೆಯದೊಂದು: ಆಸ್ಪತ್ರೆಯ ಅಡ್ಮಿಷನ್ ಫಾರಂನಲ್ಲಿ "ರೋಗಿಗೆ ಸಂಬಂಧ" ಅನ್ನುವ ಜಾಗದಲ್ಲಿ ಅವನ ಪೆನ್ನು ನಿಲ್ಲುವ ಶಾಟ್ ಇದೆ. ನಿಜದಲ್ಲಿ ಏನು ಬರೆಯುತ್ತಾರೆ?

ಮೂರನೇ_ಪಾಳಿ:
ಕ್ಯಾಶುವಾಲ್ಟಿಯಲ್ಲಿ ಫಾರಂ ಕೊಟ್ಟು ಬರೆಯಿರಿ ಅನ್ನುವುದು ಕಡಿಮೆ. ಗಾಜಿನ ಹಿಂದೆ ಕೂತವರು ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾ ಕೇಳುತ್ತಾರೆ, ತಲೆ ಎತ್ತುವುದಿಲ್ಲ. "ಪೇಷೆಂಟ್‌ಗೆ ನೀವೇನಾಗ್ಬೇಕು?" ಅವನ ಹಿಂದೆ ಸಾಲಿದೆ, ಜೋರಾಗಿ ಹೇಳಬೇಕು. ಪೆನ್ನಿನ ಶಾಟ್ ತೆಗೆದುಬಿಡಿ.

ಆಮೇಲೆ ಆಪರೇಷನ್ನಿಗೋ ವೆಂಟಿಲೇಟರಿಗೋ ಒಪ್ಪಿಗೆ ಕೇಳಿದಾಗ ರಕ್ತಸಂಬಂಧಿ ಯಾರು ಅನ್ನುತ್ತಾರೆ. ಮಾಗಡಿಯ ತಮ್ಮನಿಗೆ ಫೋನು ಹೋಗುತ್ತದೆ, ಅವನು ಬರುವ ತನಕ ಕಾಯುತ್ತಾರೆ. ಕೊನೆಗಾಲದ ಚಿಕಿತ್ಸೆ ಬೇಕೋ ಬೇಡವೋ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬುದ್ಧಿ ಸರಿಯಿರುವಾಗಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಈ ಕ್ರಮವನ್ನು 2023ರ ಜನವರಿಯಲ್ಲಿ ಸರಳ ಮಾಡಿತು. ನಿಮ್ಮ ಕಥೆಯ ಮನೆಯಲ್ಲಿ ಅದನ್ನು ಯಾರೂ ಮಾಡಿರುವುದಿಲ್ಲ.

ಬಚ್ಚಲ_ಹೊಸ್ತಿಲು:
ಶೂಟಿಂಗಿಗೆ ಮೊದಲು ಮನೆಯ ಬಾಗಿಲ ಹೊಸ್ತಿಲು ಅಳೆದುಕೊಳ್ಳಿ. ಒಂದಿಂಚು ಎತ್ತರಕ್ಕೆ ಒಂದಡಿ ಇಳಿಜಾರು ಬೇಕು. ಐದಿಂಚಿನ ಹೊಸ್ತಿಲಾದರೆ ಐದಡಿ ಹಲಗೆ, ಒಳಗೂ ಹೊರಗೂ ಒಂದೊಂದು. ಎರಡಡಿಯ ಹಲಗೆ ಇಟ್ಟು ನಟಿಯನ್ನು ಕುರ್ಚಿಯಲ್ಲಿ ತಳ್ಳಿದರೆ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಂಡು ಮುಗ್ಗರಿಸುತ್ತದೆ. ಇಳಿಸುವಾಗ ಯಾವಾಗಲೂ ಹಿಂಬದಿಯಾಗಿ ಇಳಿಸಿ.